ಬೋಲ್ಟು ಹೊಳೆದರೆ ಸಾಲದು, ಪಕ್ಕದ ಲೋಹವನ್ನೂ ಕೇಳಬೇಕು



ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಬೋಲ್ಟು ಕೇಳಿ ನೋಡಿ. ಅಂಗಡಿಯವರು ಅಳತೆ ಕೇಳಿದ ಕೂಡಲೇ ಇನ್ನೊಂದು ಪ್ರಶ್ನೆ ಹಾಕುತ್ತಾರೆ: ‘ಎಂ.ಎಸ್. ಬೇಕಾ, ಜಿ.ಐ. ಬೇಕಾ, ಎಸ್.ಎಸ್. ಬೇಕಾ?’ ಎಂ.ಎಸ್. ಅಂದರೆ ಮೈಲ್ಡ್ ಸ್ಟೀಲ್, ಸಾದಾ ಉಕ್ಕು. ಜಿ.ಐ. ಅಂದರೆ ಸತು ಲೇಪಿಸಿದ್ದು. ಎಸ್.ಎಸ್. ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ. ಪಕ್ಕದಲ್ಲಿ ನಿಂತ ಯಾರಾದರೂ ಒಬ್ಬರು ‘ನಾಲ್ಕು ಕಾಸು ಹೆಚ್ಚಾದರೂ ಎಸ್.ಎಸ್. ಹಾಕಿಬಿಡಿ, ಆಮೇಲೆ ತುಕ್ಕಿನ ತಲೆನೋವೇ ಇಲ್ಲ’ ಎಂದು ಸಲಹೆ ಕೊಡುವುದೂ ಉಂಟು.

ಗೇಟಿಗೋ, ನೀರಿನ ತೊಟ್ಟಿಯ ಸ್ಟ್ಯಾಂಡಿಗೋ ಆದರೆ ಆ ಸಲಹೆ ಸರಿ. ಆದರೆ ಸ್ಕೂಟರಿನ, ಆಟೋದ, ಬೋಟಿನ ಅಲ್ಯೂಮಿನಿಯಂ ಎಂಜಿನ್ನಿಗೆ ಅದೇ ಸಲಹೆ ಅರ್ಧ ಸತ್ಯ. ನನ್ನ ಅಭಿಪ್ರಾಯ ಇಷ್ಟು: ಬೋಲ್ಟು ಆರಿಸುವಾಗ ‘ಇದಕ್ಕೆ ತುಕ್ಕು ಹಿಡಿಯುತ್ತದಾ?’ ಎಂದು ಮಾತ್ರ ಕೇಳಿದರೆ ಸಾಲದು. ‘ಇದು ತಾನು ಕೂತ ಲೋಹವನ್ನು ತಿನ್ನುತ್ತದಾ?’ ಎಂದೂ ಕೇಳಬೇಕು. ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠ ಓದಿದ ಯಾರಿಗೇ ಆದರೂ ಈ ಪ್ರಶ್ನೆ ಕೇಳುವ ಅರ್ಹತೆ ಇದೆ. ಆದರೆ ಆ ಪಾಠವನ್ನು ನಾವು ಪರೀಕ್ಷೆಯ ಹಾಳೆಯಲ್ಲಿ ಬಿಟ್ಟು ಬರುತ್ತೇವೆ, ಗ್ಯಾರೇಜಿಗೆ ತೆಗೆದುಕೊಂಡು ಹೋಗುವುದಿಲ್ಲ.

ಕಳೆದುಹೋಗುವುದು ಬೋಲ್ಟಲ್ಲ, ಎಂಜಿನ್ನು

ಎಂಜಿನ್ನಿನ ಹೆಡ್, ಕ್ರ್ಯಾಂಕ್ ಕೇಸ್, ಕವರುಗಳು ಈಗ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದವು. ಕಾರಣ ನಿಮಗೆ ಗೊತ್ತಿರುವುದೇ. ಅಲ್ಯೂಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು, ಕಬ್ಬಿಣದ್ದು ಸುಮಾರು 7.9 ಪಟ್ಟು. ಅಂದರೆ ತೂಕ ಮೂರನೇ ಒಂದು ಭಾಗ. ಜೊತೆಗೆ ಅದು ಶಾಖವನ್ನು ಬೇಗ ಹೊರಗೆ ಸಾಗಿಸುತ್ತದೆ. ಅಚ್ಚಿಗೆ ಹೊಯ್ಯುವುದೂ ಸುಲಭ.

ಆದರೆ ಅಲ್ಯೂಮಿನಿಯಂ ಮೆದು. ಅದರಲ್ಲಿ ಕೊರೆದ ಥ್ರೆಡ್ಡಿಗೆ ಉಕ್ಕಿನ ಥ್ರೆಡ್ಡಿನಷ್ಟು ಬಲ ಇಲ್ಲ. ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಕೊರೆದುಹೋದಾಗ ಒಂದು ಬಿಳಿ ಪುಡಿ ಹುಟ್ಟುತ್ತದೆ. ಅದು ಅಲ್ಯೂಮಿನಿಯಂನ ಆಕ್ಸೈಡು ಮತ್ತು ಹೈಡ್ರಾಕ್ಸೈಡು. ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಬೇಡುವ ಈ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಬಿಗಿಯಾಗಿ ತುಂಬಿಕೊಂಡು ಬೋಲ್ಟನ್ನು ಜಾಮ್ ಮಾಡುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಎರಡರಲ್ಲಿ ಒಂದು ಆಗುತ್ತದೆ: ಬೋಲ್ಟಿನ ತಲೆ ಮುರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂನ ಥ್ರೆಡ್ಡೇ ಬೋಲ್ಟಿನ ಜೊತೆ ಕಿತ್ತು ಬರುತ್ತದೆ.

ಬೋಲ್ಟು ಹೋದರೆ ಹತ್ತಿಪ್ಪತ್ತು ರೂಪಾಯಿ. ಕೇಸ್ ಹೋದರೆ ಲೇತ್‌ನವರ ಹತ್ತಿರ ಹೋಗಿ, ರಂಧ್ರ ದೊಡ್ಡದು ಮಾಡಿಸಿ, ಒಳಗೆ ಹೊಸ ಥ್ರೆಡ್ ಕೂರಿಸಬೇಕು. ಅದೂ ಆಗದಿದ್ದರೆ ಇಡೀ ಭಾಗವನ್ನೇ ಬದಲಿಸಬೇಕು. ಆಟೋ ಓಡಿಸುವ ಮನೆಗೆ, ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಕಡಲಿಗೆ ಹೋಗುವ ಮನೆಗೆ ಆ ಖರ್ಚಿಗಿಂತ ಹೆಚ್ಚು ನೋಯುವುದು ಕೆಲಸ ನಿಂತ ದಿನಗಳು. ನಿಮ್ಮ ತರಗತಿಯಲ್ಲೇ ಅಂಥ ಮನೆಗಳಿಂದ ಬಂದವರು ಇದ್ದಾರೆ, ಅಲ್ವಾ?

ಬೋಲ್ಟಿನ ಬುಡದಲ್ಲೊಂದು ಬ್ಯಾಟರಿ

ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗಾಲ್ವಾನಿ ಎಂಬ ವೈದ್ಯ ಎರಡು ಬೇರೆ ಲೋಹಗಳನ್ನು ಸತ್ತ ಕಪ್ಪೆಯ ಕಾಲಿಗೆ ತಾಗಿಸಿದಾಗ ಕಾಲು ಸೆಟೆಯುವುದನ್ನು ಕಂಡ. 1791ರಲ್ಲಿ ಅದನ್ನು ಪ್ರಕಟಿಸಿ, ವಿದ್ಯುತ್ತು ಪ್ರಾಣಿಯ ದೇಹದಲ್ಲಿದೆ ಎಂದ. ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ವಿದ್ಯುತ್ತು ಬರುವುದು ಕಪ್ಪೆಯಿಂದಲ್ಲ, ಎರಡು ಬೇರೆ ಲೋಹಗಳಿಂದ ಎಂದು ವಾದಿಸಿದ. 1800ರಲ್ಲಿ ಕಪ್ಪೆಯನ್ನು ಬದಿಗಿಟ್ಟು ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ತಾಮ್ರ ಅಥವಾ ಬೆಳ್ಳಿಯ ಬಿಲ್ಲೆ ಹೀಗೆ ಒಂದರ ಮೇಲೊಂದು ಪೇರಿಸಿ ಮೊದಲ ಬ್ಯಾಟರಿ ಮಾಡಿ ತೋರಿಸಿದ. ‘ಗ್ಯಾಲ್ವಾನಿಕ್’ ಎಂಬ ಹೆಸರು ಮಾತ್ರ ಗಾಲ್ವಾನಿಯದ್ದೇ ಉಳಿಯಿತು.

ಈಗ ವೋಲ್ಟಾನ ಕಂಬವನ್ನು ಎಂಜಿನ್ನಿಗೆ ತನ್ನಿ. ಸತುವಿನ ಜಾಗದಲ್ಲಿ ಅಲ್ಯೂಮಿನಿಯಂ ಕೇಸ್. ತಾಮ್ರದ ಜಾಗದಲ್ಲಿ ಉಕ್ಕಿನ ಬೋಲ್ಟು. ರಟ್ಟಿನ ಜಾಗದಲ್ಲಿ ಮಳೆಯ ನೀರು, ಉಪ್ಪುಗಾಳಿಯ ತೇವ, ಕೆಸರು. ಎರಡೂ ಲೋಹ ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ವೈರೂ ಬೇಡ. ಬ್ಯಾಟರಿ ತಯಾರು!

ಈ ಬ್ಯಾಟರಿಯಲ್ಲಿ ಅಲ್ಯೂಮಿನಿಯಂ ಆನೋಡು. ಅದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಬೋಲ್ಟಿಗೆ ಹರಿದು, ಅದರ ಮೇಲ್ಮೈಯಲ್ಲಿ ಗಾಳಿಯ ಆಕ್ಸಿಜನ್ ಮತ್ತು ನೀರಿನ ಜೊತೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಬೋಲ್ಟು ಕ್ಯಾಥೋಡು. ಅದಕ್ಕೆ ಏನೂ ಆಗುವುದಿಲ್ಲ. ಈ ರೀತಿಯ ನಶಿಸುವಿಕೆಗೆ ಮೂರು ಸಂಗತಿ ಒಟ್ಟಿಗೆ ಇರಲೇಬೇಕು: ಎರಡು ಬೇರೆ ಲೋಹ, ಅವೆರಡರ ನಡುವೆ ವಿದ್ಯುತ್ ಸಂಪರ್ಕ, ಎರಡನ್ನೂ ಮುಟ್ಟುವ ವಿದ್ಯುದ್ವಿಭಾಜ್ಯ ದ್ರವ. ಮೂರರಲ್ಲಿ ಒಂದನ್ನು ತೆಗೆದರೂ ಬ್ಯಾಟರಿ ಸತ್ತಂತೆ. ಮುಂದೆ ಹೇಳುವ ಎಲ್ಲ ಉಪಾಯಗಳೂ ಇದರಲ್ಲೇ ಅಡಗಿವೆ.

ಇದೇ ಬ್ಯಾಟರಿ ಅಡುಗೆಮನೆಯಲ್ಲೂ ಸಿಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹುಳಿ, ಉಪ್ಪು ಇರುವ ಪದಾರ್ಥ ಇಟ್ಟು, ಮೇಲೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಫಾಯಿಲ್ ಆ ಪದಾರ್ಥಕ್ಕೆ ತಾಗುವಂತೆ ಬಿಟ್ಟರೆ ತಾಗಿದ ಕಡೆ ಸಣ್ಣ ಸಣ್ಣ ತೂತು ಬೀಳುತ್ತದೆ. ಪಾತ್ರೆ ಮಾತ್ರ ಥಳಥಳ ಹೊಳೆಯುತ್ತಲೇ ಇರುತ್ತದೆ.

ಪುಸ್ತಕದ ಸರಣಿ ಬೇರೆ, ಸಮುದ್ರದ ಸರಣಿ ಬೇರೆ

ಜಾಣ ವಿದ್ಯಾರ್ಥಿಗಳು ಇಲ್ಲಿ ಕ್ರಿಯಾಶೀಲತೆಯ ಸರಣಿಯನ್ನು ನೆನಪಿಸಿಕೊಳ್ಳುತ್ತಾರೆ: ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತಾಮ್ರ. ಇದರ ಪ್ರಕಾರ ಅಲ್ಯೂಮಿನಿಯಂ ಸತುವಿಗಿಂತ ಹೆಚ್ಚು ಕ್ರಿಯಾಶೀಲ. ಹಾಗಾದರೆ ಸತು ಲೇಪಿಸಿದ ಬೋಲ್ಟು ಕೂಡ ಅಲ್ಯೂಮಿನಿಯಂ ಅನ್ನು ತಿನ್ನಬೇಕಿತ್ತು. ಬೋಟಿನವರು ಅಲ್ಯೂಮಿನಿಯಂ ಎಂಜಿನ್ನಿನ ಕಾಲಿಗೆ ಸತುವಿನ ತುಂಡು ಕಟ್ಟಿ ಅದನ್ನು ಕಾಪಾಡುವುದು ಹೇಗೆ?

ಒಳ್ಳೆಯ ಪ್ರಶ್ನೆ. ಉತ್ತರ ಅಲ್ಯೂಮಿನಿಯಂ ಹೊದ್ದುಕೊಂಡ ಆಕ್ಸೈಡ್ ಪದರದಲ್ಲಿದೆ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರ ಗಾಳಿ ತಾಗಿದ ಕ್ಷಣದಲ್ಲೇ ಹುಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಪುಸ್ತಕದ ಸರಣಿ ಬರಿಯ ಲೋಹದ ಗುಣ ಹೇಳುತ್ತದೆ, ಹೊದಿಕೆಯ ಗುಣ ಹೇಳುವುದಿಲ್ಲ. ಆದ್ದರಿಂದ ಎಂಜಿನಿಯರುಗಳು ನಿಜವಾದ ಲೋಹದ ತುಂಡುಗಳನ್ನು ನಿಜವಾದ ಸಮುದ್ರದ ನೀರಿನಲ್ಲಿ ಮುಳುಗಿಸಿ, ಒಂದೇ ಮಾಪಕ ವಿದ್ಯುದಗ್ರಕ್ಕೆ ಹೋಲಿಸಿ ಅಳೆದು ಇನ್ನೊಂದು ಸರಣಿ ಮಾಡಿಕೊಂಡಿದ್ದಾರೆ. ಅದರಲ್ಲಿ ಮೆಗ್ನೀಸಿಯಂ ಸುಮಾರು −1.6 ವೋಲ್ಟ್, ಸತು −1.0, ಅಲ್ಯೂಮಿನಿಯಂ ಮಿಶ್ರಲೋಹಗಳು −0.8ರ ಆಸುಪಾಸು, ಸಾದಾ ಉಕ್ಕು −0.6, ತಾಮ್ರ −0.3, ಸ್ಟೇನ್‌ಲೆಸ್ ಸ್ಟೀಲ್ ಮತ್ತು ಟೈಟಾನಿಯಂ ಸೊನ್ನೆಯ ಹತ್ತಿರ.

ಈ ಪಟ್ಟಿಯಲ್ಲಿ ಅಲ್ಯೂಮಿನಿಯಂನ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಒಂದು ಕಡೆ ಸತು, ಇನ್ನೊಂದು ಕಡೆ ಸಾದಾ ಉಕ್ಕು. ಹೊಳೆಯುವ ಎಸ್.ಎಸ್. ಎಷ್ಟೋ ದೂರದಲ್ಲಿದೆ. ಬೆಲೆಯಲ್ಲಿ ಮೇಲಿರುವುದು ಅಲ್ಯೂಮಿನಿಯಂಗೆ ಹತ್ತಿರದ ನೆಂಟನಲ್ಲ.

ಒಂದು ಎಚ್ಚರಿಕೆ. ವೋಲ್ಟಿನ ಅಂತರ ಹೇಳುವುದು ಯಾರು ಕರಗುತ್ತಾರೆ ಎಂಬುದನ್ನು. ಎಷ್ಟು ಬೇಗ ಕರಗುತ್ತಾರೆ ಎಂಬುದನ್ನು ಅದೊಂದೇ ಹೇಳುವುದಿಲ್ಲ. ಪಟ್ಟಿಯಲ್ಲಿ ತಾಮ್ರಕ್ಕಿಂತ ಸ್ಟೇನ್‌ಲೆಸ್ ದೂರ ಇದೆ ನಿಜ. ಆದರೆ ಅಲ್ಯೂಮಿನಿಯಂಗೆ ತಾಮ್ರ, ಹಿತ್ತಾಳೆಗಳೇ ಹೆಚ್ಚು ಅಪಾಯಕಾರಿ. ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಒಂದು ಆಕ್ಸೈಡ್ ಪದರ ಇದೆ, ಅದರ ಮೇಲೆ ಆಕ್ಸಿಜನ್‌ನ ಕ್ರಿಯೆ ನಿಧಾನ. ತಾಮ್ರದ ಮೇಲೆ ಅಂಥ ಅಡ್ಡಿ ಕಡಿಮೆ. ಮೇಲಾಗಿ ತಾಮ್ರದಿಂದ ಕರಗಿ ಬಂದ ಅಯಾನುಗಳು ಅಲ್ಯೂಮಿನಿಯಂ ಮೇಲೆ ಕೂತು ಅಲ್ಲಲ್ಲಿ ಹೊಸ ಪುಟ್ಟ ಬ್ಯಾಟರಿಗಳನ್ನೇ ಹುಟ್ಟಿಸುತ್ತವೆ. ಆದ್ದರಿಂದ ನೀರು ತಾಗುವ ಕಡೆ ಅಲ್ಯೂಮಿನಿಯಂಗೆ ಹಿತ್ತಾಳೆ ಬೋಲ್ಟು ಬೇಡವೇ ಬೇಡ.

ಮೊಳೆ ಚಿಕ್ಕದು, ಹಡಗು ದೊಡ್ಡದು

ಇನ್ನೊಂದು ಪ್ರಶ್ನೆ ಗಾತ್ರದ್ದು. ಇದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಉದಾಹರಣೆ ಇದೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಮರದ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಮರ ಕೊರೆಯುವ ಹುಳು, ಅಂಟಿಕೊಳ್ಳುವ ಚಿಪ್ಪುಜೀವಿ ಎರಡರಿಂದಲೂ ಬಚಾವಾಗುವುದು ಉದ್ದೇಶ. ಹಡಗು ವೆಸ್ಟ್ ಇಂಡೀಸ್ ಕಡೆ ಹೋಗಿ ಬಂದಮೇಲೆ, 1763ರಲ್ಲಿ ತಳ ಪರೀಕ್ಷಿಸಿದರು. ತಾಮ್ರ ಚೆನ್ನಾಗಿತ್ತು. ಆದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿ ಎಷ್ಟೋ ಕಡೆ ತಗಡು ಕಳಚಿತ್ತು. ವಿಶೇಷ ಏನೆಂದರೆ, ತಗಡು ಸುತ್ತಿ ಬಂದಿದ್ದ ಕಂದು ಕಾಗದ ಕೆಲವು ಮೊಳೆಗಳ ಕೆಳಗೆ ಹಾಗೇ ಸಿಕ್ಕಿಕೊಂಡಿತ್ತು. ಕಾಗದ ಇದ್ದ ಕಡೆ ಕಬ್ಬಿಣ ಉಳಿದಿತ್ತು! ಮುಂದೆ ನೌಕಾಪಡೆ ಕಬ್ಬಿಣ ಬಿಟ್ಟು ತಾಮ್ರದ ಮಿಶ್ರಲೋಹದ ಬೋಲ್ಟುಗಳಿಗೆ ಬದಲಾಯಿಸಬೇಕಾಯಿತು.

ಇದರಲ್ಲಿ ಎರಡು ಪಾಠ ಇವೆ. ಒಂದು, ಲೋಹಗಳ ನಡುವೆ ಸಂಪರ್ಕ ತಪ್ಪಿಸಿದರೆ ನಶಿಸುವಿಕೆ ನಿಲ್ಲುತ್ತದೆ. ಎರಡನೆಯದು, ಕರಗುವ ಲೋಹ ಚಿಕ್ಕದಾಗಿದ್ದು, ಪಕ್ಕದ ಕ್ಯಾಥೋಡು ದೊಡ್ಡದಾಗಿದ್ದರೆ ಅನಾಹುತ. ಇಡೀ ತಳದ ತಾಮ್ರ ಬೇಡುವ ಎಲೆಕ್ಟ್ರಾನುಗಳನ್ನು ಒಂದು ಪುಟ್ಟ ಮೊಳೆ ಕೊಡಬೇಕು. ಪಾಪ, ಎಷ್ಟು ದಿನ ಕೊಟ್ಟೀತು?

ಎಂಜಿನ್ನಿನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಕರಗುವ ಅಲ್ಯೂಮಿನಿಯಂ ದೊಡ್ಡದು, ಬೋಲ್ಟು ಚಿಕ್ಕದು. ಹಾಗಾಗಿ ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟು ನಡೆಯುತ್ತದೆ. ಉಕ್ಕಿನ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದು ತೇವದಲ್ಲಿ ಬಿಟ್ಟರೆ ನಡೆಯುವುದಿಲ್ಲ. ಆದರೆ ಇದರಲ್ಲೂ ಒಂದು ಒಳಗುಟ್ಟು ಇದೆ. ಹಡಗಿನ ತಳದ ಹಾಗೆ ಎಂಜಿನ್ನು ಪೂರ್ತಿ ನೀರಲ್ಲಿ ಮುಳುಗಿರುವುದಿಲ್ಲ. ಬೋಲ್ಟಿನ ತಲೆಯ ಕೆಳಗೆ, ಥ್ರೆಡ್ಡಿನ ಸಂದಿಯಲ್ಲಿ ಒಂದೆರಡು ಹನಿ ನಿಂತಿರುತ್ತದೆ ಅಷ್ಟೆ. ಆ ತೆಳುವಾದ ನೀರಿನ ಪದರದಲ್ಲಿ ವಿದ್ಯುತ್ತು ಹೆಚ್ಚು ದೂರ ಹರಿಯಲಾರದು. ಹೀಗಾಗಿ ಹಾನಿ ಇಡೀ ಕೇಸಿಗೆ ಹಂಚಿಹೋಗದೆ ಬೋಲ್ಟಿನ ಸುತ್ತ ಕೆಲವು ಮಿಲಿಮೀಟರ್ ಜಾಗದಲ್ಲೇ ಕೇಂದ್ರೀಕೃತವಾಗುತ್ತದೆ. ಥ್ರೆಡ್ ಇರುವುದೂ ಸರಿಯಾಗಿ ಅಲ್ಲೇ.

ಎಸ್.ಎಸ್. ಬೋಲ್ಟಿನ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲೇ ಇರುವುದು. ಸಾದಾ ಬೋಲ್ಟಿಗೆ ತುಕ್ಕು ಹಿಡಿದರೆ ಕೆಂಪಗೆ ಕಾಣುತ್ತದೆ, ನೀವು ಎಚ್ಚರಗೊಂಡು ಬದಲಿಸುತ್ತೀರಿ. ಎಸ್.ಎಸ್. ಬೋಲ್ಟಿನ ತಲೆ ವರ್ಷಗಟ್ಟಲೆ ಹೊಳೆಯುತ್ತದೆ, ಒಳಗೆ ಅಲ್ಯೂಮಿನಿಯಂ ಪುಡಿಯಾಗುತ್ತಿರುವುದು ಬಿಚ್ಚುವ ದಿನದವರೆಗೂ ಗೊತ್ತಾಗುವುದಿಲ್ಲ.

‘ನಾವು ಹಾಕಿದ್ದೇವೆ, ಏನೂ ಆಗಿಲ್ಲ’

ಈ ಮಾತು ಹೇಳುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಅವರ ಅನುಭವವನ್ನು ತಳ್ಳಿಹಾಕಬೇಡಿ. ಬದಲಿಗೆ ‘ಅಣ್ಣಾ, ನೀವು ಹಾಕಿದ್ದು ಯಾವ ಊರಲ್ಲಿ, ಎಂಜಿನ್ನಿನ ಯಾವ ಜಾಗದಲ್ಲಿ?’ ಎಂದು ಕೇಳಿ.

ಈ ಪತ್ರಿಕೆ ಓದುವ ನಾವೆಲ್ಲ ಒಂದೇ ಭಾಷೆಯವರಾದರೂ ಒಂದೇ ಹವೆಯವರಲ್ಲ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಉಪ್ಪಿನ ಕ್ಲೋರೈಡ್ ಅಯಾನುಗಳು ನೀರನ್ನು ಒಳ್ಳೆಯ ವಾಹಕವಾಗಿಸುವುದಲ್ಲದೆ ಅಲ್ಯೂಮಿನಿಯಂನ ಆಕ್ಸೈಡ್ ಪದರವನ್ನೂ ಅಲ್ಲಲ್ಲಿ ತೂತು ಮಾಡುತ್ತವೆ. ಅತ್ತ ರಾಯದುರ್ಗ, ಮಡಕಶಿರಾ ಕಡೆ ಇರುವುದು ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದಾದ ಅನಂತಪುರ ಸೀಮೆ. ಅಲ್ಲಿ ಮಳೆ ಇಲ್ಲಿಯ ಐದನೇ ಒಂದು ಭಾಗದಷ್ಟೂ ಇಲ್ಲ, ಕಡಲು ಬಲು ದೂರ. ಅದೇ ಸ್ಕೂಟರು, ಅದೇ ಎಸ್.ಎಸ್. ಬೋಲ್ಟು ಅಲ್ಲಿ ಎಷ್ಟೋ ವರ್ಷ ಸುಮ್ಮನಿರಬಹುದು, ಇಲ್ಲಿ ಕೆಲವೇ ಮಳೆಗಾಲದಲ್ಲಿ ಹಟ ಹಿಡಿಯಬಹುದು. ಎರಡು ಊರಿನ ಮೆಕ್ಯಾನಿಕ್‌ಗಳೂ ತಮ್ಮ ತಮ್ಮ ಊರಿನ ಮಟ್ಟಿಗೆ ಸರಿ.

ಆದರೆ ಒಣ ಊರಿನವರು ಪೂರ್ತಿ ನಿಶ್ಚಿಂತರಾಗಬೇಡಿ. ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ದ್ರವ ಒಳಗೇ ಇರುತ್ತದೆ. ಅಲ್ಯೂಮಿನಿಯಂ ಹೆಡ್, ಎಷ್ಟೋ ಎಂಜಿನ್ನುಗಳಲ್ಲಿ ಎರಕದ ಕಬ್ಬಿಣದ ಬ್ಲಾಕ್, ಅಲ್ಲಲ್ಲಿ ಹಿತ್ತಾಳೆ, ತಾಮ್ರದ ಭಾಗಗಳು ಎಲ್ಲ ಒಂದೇ ನೀರಿನಲ್ಲಿ. ಕೂಲಂಟಿನಲ್ಲಿ ನಶಿಸುವಿಕೆ ತಡೆಯುವ ರಾಸಾಯನಿಕಗಳಿರುತ್ತವೆ. ಅದರ ಬದಲು ಲವಣ ತುಂಬಿದ ಬೋರ್‌ವೆಲ್ ನೀರು ಸುರಿದರೆ ಕಾಸರಗೋಡಿನ ಕಡಲನ್ನೇ ರೇಡಿಯೇಟರಿಗೆ ತಂದ ಹಾಗೆ.

ಎಂಜಿನ್ನಿನ ಜಾಗವೂ ಮುಖ್ಯ. ಯಾವುದೇ ಪೆಟ್ರೋಲ್ ಬೈಕಿನ ಸ್ಪಾರ್ಕ್ ಪ್ಲಗ್ ನೋಡಿ. ಉಕ್ಕಿನ ಮೈ, ಅಲ್ಯೂಮಿನಿಯಂ ಹೆಡ್ಡಿನೊಳಗೆ. ಆದರೂ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉಕ್ಕಿನ ಮೇಲೆ ಲೇಪನ ಇದೆ, ಎಂಜಿನ್ ಬಿಸಿಗೆ ತೇವ ಆರುತ್ತದೆ, ಆಗಾಗ ಬಿಚ್ಚಿ ಹಾಕುತ್ತಾರೆ. ಸದಾ ಆಯಿಲಿನಲ್ಲಿ ಮುಳುಗಿರುವ ಒಳಗಿನ ಬೋಲ್ಟುಗಳೂ ಹಾಗೆಯೇ, ಆಯಿಲು ವಿದ್ಯುದ್ವಿಭಾಜ್ಯ ಅಲ್ಲ. ಜಗಳ ಶುರುವಾಗುವುದು ಹೊರಗಿನ ಬೋಲ್ಟುಗಳಲ್ಲಿ: ಚಕ್ರದಿಂದ ಕೆಸರು ಚಿಮ್ಮುವ ಕಡೆ, ನೀರು ಇಳಿದು ನಿಲ್ಲುವ ಗುಳಿಯಲ್ಲಿ, ಸೈಲೆನ್ಸರ್ ಕಟ್ಟುವ ಸ್ಟಡ್ಡಿನಲ್ಲಿ.

ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹೋದ ಥ್ರೆಡ್ಡುಗಳೆಲ್ಲ ಈ ಬ್ಯಾಟರಿಯಿಂದಲೇ ಹೋದವಲ್ಲ. ಆಯಿಲ್ ಬದಲಿಸುವ ಡ್ರೇನ್ ಬೋಲ್ಟನ್ನು ‘ಇನ್ನೊಂದು ಸುತ್ತು’ ಎಂದು ಬಿಗಿಮಾಡಿ ಹಾಳುಮಾಡಿದ್ದೂ ಬೇಕಾದಷ್ಟಿದೆ. ಬಿಳಿ ಪುಡಿ ಇದ್ದರೆ ರಸಾಯನಶಾಸ್ತ್ರದ ತಪ್ಪು, ಪುಡಿ ಇಲ್ಲದೆ ಥ್ರೆಡ್ ಕಿತ್ತು ಬಂದರೆ ಹೆಚ್ಚಾಗಿ ಕೈಯ ತಪ್ಪು.

ಹಾಗಾದರೆ ಯಾವ ಬೋಲ್ಟು ಹಾಕೋಣ?

ಮೊದಲನೆಯದಾಗಿ, ಕಂಪನಿ ಏನು ಹಾಕಿತ್ತೋ ಅದೇ ಅಳತೆ, ಅದೇ ದರ್ಜೆ, ಅದೇ ಲೇಪನದ್ದು ಹಾಕಿ. ಬೋಲ್ಟಿನ ತಲೆಯ ಮೇಲೆ 8.8 ಎಂದೋ 10.9 ಎಂದೋ ಬರೆದಿರುತ್ತದೆ. 8.8ರಲ್ಲಿ ಮೊದಲ 8 ಅಂದರೆ ಎಳೆತಕ್ಕೆ ತುಂಡಾಗುವ ಮಿತಿ 800 ಮೆಗಾಪ್ಯಾಸ್ಕಲ್. ಎರಡನೆಯ 8 ಅಂದರೆ ಆ ಮಿತಿಯ 80 ಶೇಕಡಾ, ಅಂದರೆ 640ರಲ್ಲಿ ಅದು ಮತ್ತೆ ಮೊದಲಿನ ಉದ್ದಕ್ಕೆ ಬರಲಾರದಷ್ಟು ಹಿಗ್ಗುತ್ತದೆ. ಸಾಮಾನ್ಯವಾಗಿ ಸಿಗುವ ಎಸ್.ಎಸ್. ಬೋಲ್ಟಿನ ಮೇಲೆ ಎ2-70 ಎಂದಿರುತ್ತದೆ. ಅದರ ಲೆಕ್ಕ 700 ಮತ್ತು 450. ಅಂದರೆ ‘ಎಸ್.ಎಸ್. ಗಟ್ಟಿ’ ಎಂಬ ನಂಬಿಕೆಯೂ ಇಲ್ಲಿ ತಪ್ಪು. ಬ್ರೇಕು, ಹೆಡ್, ಎಂಜಿನ್ನನ್ನು ಚಾಸಿಗೆ ಹಿಡಿಯುವ ಬೋಲ್ಟುಗಳಲ್ಲಿ ನಿಮ್ಮದೇ ಬುದ್ಧಿವಂತಿಕೆ ತೋರಿಸಬೇಡಿ, ಅದು ಜೀವದ ಪ್ರಶ್ನೆ.

ಎರಡನೆಯದು, ಹೊರಗಿನ ಕವರಿಗೆ ಸತು ಲೇಪಿಸಿದ ಉಕ್ಕಿನ ಬೋಲ್ಟು ಒಳ್ಳೆಯ ಆಯ್ಕೆ. ಸತು ಅಲ್ಯೂಮಿನಿಯಂಗಿಂತ ಮೊದಲು ತಾನೇ ಕರಗುತ್ತದೆ. ಲೇಪನ ಕೆಲವೇ ಮೈಕ್ರೋಮೀಟರ್ ದಪ್ಪ, ಆದ್ದರಿಂದ ಅದು ಶಾಶ್ವತ ಅಲ್ಲ. ತಲೆ ಕೆಂಪಗಾದರೆ ‘ನನ್ನ ಸರದಿ ಮುಗಿಯಿತು’ ಎಂದು ಅರ್ಥಮಾಡಿಕೊಂಡು ಬದಲಿಸಿ. ಬಣ್ಣ ಬಣ್ಣದ ಅಲ್ಯೂಮಿನಿಯಂ ಬೋಲ್ಟುಗಳು ಕೇಸಿನ ಜೊತೆ ಜಗಳವಾಡುವುದಿಲ್ಲ, ಆದರೆ ಬಲ ಕಡಿಮೆ. ಭಾರ ಬೀಳದ ಕಡೆ ಮಾತ್ರ ಸರಿ. ಟೈಟಾನಿಯಂ ಬೋಲ್ಟು ಹಾಕಿ ಮೆರೆಯುವವರು ಪಟ್ಟಿಯಲ್ಲಿ ಅದರ ಜಾಗವನ್ನು ಮತ್ತೊಮ್ಮೆ ನೋಡಲಿ.

ಮೂರನೆಯದು, ಎಸ್.ಎಸ್. ಹಾಕಲೇಬೇಕಾದರೆ ಬರಿದಾಗಿ ಹಾಕಬೇಡಿ. ಥ್ರೆಡ್ ಸ್ವಚ್ಛ ಮಾಡಿ, ಜಾಮ್ ಆಗದಂತೆ ಹಚ್ಚುವ ಪೇಸ್ಟನ್ನೋ ನೀರು ಹೊಗಲು ಬಿಡದ ಗ್ರೀಸನ್ನೋ ಹಚ್ಚಿ. ತಾಮ್ರದ ಪುಡಿ ಇರುವ ಪೇಸ್ಟು ಉಪ್ಪುನೀರಿನ ಜಾಗದಲ್ಲಿ ಅಲ್ಯೂಮಿನಿಯಂಗೆ ಬೇಡ. ಕಾರಣ ಈಗಾಗಲೇ ನಿಮಗೆ ಗೊತ್ತು. ಪ್ಲಾಸ್ಟಿಕ್ ವಾಷರ್ ಒಂದನ್ನೇ ಹಾಕಿ ‘ಇನ್ಸುಲೇಟ್ ಮಾಡಿದೆ’ ಎಂದುಕೊಳ್ಳಬೇಡಿ, ಥ್ರೆಡ್ ಒಳಗೆ ತಾಗಿಕೊಂಡೇ ಇದೆ. ಮೂರು ಸಂಗತಿಗಳಲ್ಲಿ ಅಲ್ಲಿ ನಾವು ತೆಗೆಯಬಹುದಾದದ್ದು ನೀರನ್ನು ಮಾತ್ರ.

ಗ್ರೀಸ್ ಹಚ್ಚಿದ ಬೋಲ್ಟಿಗೆ ಘರ್ಷಣೆ ಕಡಿಮೆ. ಹಾಗಾಗಿ ಒಣ ಬೋಲ್ಟಿಗೆ ಹಾಕಿದಷ್ಟೇ ಬಲ ಹಾಕಿದರೆ ಎಳೆತ ಹೆಚ್ಚಾಗಿ ಥ್ರೆಡ್ ಕಿತ್ತು ಬರಬಹುದು. 6 ಮಿ.ಮೀ. ಕವರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಆಸುಪಾಸು ಸಾಕು. ಅಂದರೆ 10 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 10 ಕಿಲೋ ತೂಕದಷ್ಟು. ಗ್ರೀಸ್ ಇದ್ದರೆ ಅದಕ್ಕಿಂತ ಕಡಿಮೆ.

ನಾಲ್ಕನೆಯದು, ಬಣ್ಣ ಬಳಿಯುವುದಾದರೆ ಅಲ್ಯೂಮಿನಿಯಂ ಮೇಲೆ ಮಾತ್ರ ಬಳಿದು ಬೋಲ್ಟನ್ನು ಬಿಡಬೇಡಿ. ಬಣ್ಣದಲ್ಲಿ ಒಂದು ಸಣ್ಣ ಗೀರು ಬಿದ್ದರೆ ಆ ಗೀರೇ ‘ಅಲಾರ್ಮ್’ ಹಡಗಿನ ಮೊಳೆ ಆಗುತ್ತದೆ. ಎರಡಕ್ಕೂ ಬಳಿಯಿರಿ, ಇಲ್ಲದಿದ್ದರೆ ಬೋಲ್ಟಿನ ತಲೆಗಾದರೂ ಬಳಿಯಿರಿ. ಬೋಟಿನ ಎಂಜಿನ್ನಿಗೆ ಕಟ್ಟಿದ ಸತುವಿನ ತುಂಡಿಗೆ ಮಾತ್ರ ಯಾವತ್ತೂ ಬಣ್ಣ ಹಚ್ಚಬೇಡಿ. ಅದರ ಕೆಲಸವೇ ಕರಗುವುದು.

ದೊಡ್ಡ ಕಂಪನಿಗಳೂ ಇದೇ ಪ್ರಶ್ನೆಯ ಮುಂದೆ ತಲೆ ಕೆರೆದುಕೊಂಡಿವೆ. ಜರ್ಮನಿಯ ಬಿ.ಎಂ.ಡಬ್ಲ್ಯು. 2004ರ ಹೊತ್ತಿಗೆ ತಂದ ಎನ್52 ಎಂಬ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸಿನ ಹೊರಭಾಗ ಮೆಗ್ನೀಸಿಯಂ, ಒಳಭಾಗ ಅಲ್ಯೂಮಿನಿಯಂ. ಮೆಗ್ನೀಸಿಯಂ ನಮ್ಮ ಪಟ್ಟಿಯ ತುದಿಯಲ್ಲಿದೆ, ಉಕ್ಕಿನ ಬೋಲ್ಟು ತಾಗಿದರೆ ಬಲುಬೇಗ ಕರಗುತ್ತದೆ. ಆದ್ದರಿಂದ ಅವರು ಮೆಗ್ನೀಸಿಯಂಗೆ ಕೂಲಂಟು ತಾಗದ ಹಾಗೆ ವಿನ್ಯಾಸ ಮಾಡಿದರು, ಮೆಗ್ನೀಸಿಯಂ ಭಾಗಗಳಿಗೆ ಅಲ್ಯೂಮಿನಿಯಂ ಬೋಲ್ಟುಗಳನ್ನೇ ಹಾಕಿದರು. ಅದರ ಬೆಲೆಯನ್ನೂ ಒಪ್ಪಿಕೊಂಡರು: ಆ ಬೋಲ್ಟು ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ, ಪ್ರತಿ ಸಲ ಹೊಸದು. ಗಟ್ಟಿಯಾದ ಬೋಲ್ಟು ಕೈಯಲ್ಲಿದ್ದರೂ ಮೆದುವಾದದ್ದನ್ನು ಬೇಕೆಂದೇ ಆರಿಸಿದರು.

ನೀವೇ ಮಾಡಿ ನೋಡಿ

ಐದು ಗಾಜಿನ ಲೋಟ ತೆಗೆದುಕೊಳ್ಳಿ. ನಾಲ್ಕರಲ್ಲಿ ನೀರಿಗೆ ಒಂದೊಂದು ಚಮಚ ಉಪ್ಪು ಕರಗಿಸಿ, ಐದನೆಯದರಲ್ಲಿ ಬರಿಯ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು ಹಾಕಿ. ಒಂದೇ ಅಳತೆಯ ಐದು ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ಕತ್ತರಿಸಿ. ಮೊದಲ ಲೋಟಕ್ಕೆ ಫಾಯಿಲ್ ಒಂದೇ. ಎರಡನೆಯದಕ್ಕೆ ಬರಿಯ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ ಫಾಯಿಲ್. ಮೂರನೆಯದಕ್ಕೆ ಎಸ್.ಎಸ್. ಬೋಲ್ಟಿಗೆ ಸುತ್ತಿದ ಫಾಯಿಲ್. ನಾಲ್ಕನೆಯದಕ್ಕೆ ಜಿ.ಐ. ತಂತಿ ಸುತ್ತಿದ ಫಾಯಿಲ್. ಐದನೆಯದಕ್ಕೆ ಮತ್ತೆ ತಾಮ್ರ ಸುತ್ತಿದ್ದು, ಆದರೆ ಉಪ್ಪಿಲ್ಲದ ನೀರಿನಲ್ಲಿ. ಒಂದು ವಾರ ದಿನಾ ನೋಡಿ. ಎಲ್ಲಿ ಬಿಳಿ ಪುಡಿ ಬಂತು, ಎಲ್ಲಿ ತೂತು ಬಿತ್ತು, ಎಲ್ಲಿ ಏನೂ ಆಗಲಿಲ್ಲ, ದಿನಾಂಕ ಹಾಕಿ ಬರೆದಿಡಿ. ನಾಲ್ಕನೆಯ ಲೋಟದಲ್ಲಿ ಫಾಯಿಲಿಗಿಂತ ಜಿ.ಐ. ತಂತಿಯ ಮೇಲೆ ಹೆಚ್ಚು ಕಣ್ಣಿಡಿ. ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ ಉಪ್ಪುನೀರಿನಲ್ಲಿ ತಾಮ್ರ ಮತ್ತು ಫಾಯಿಲನ್ನು ಒಂದಕ್ಕೊಂದು ತಾಗದಂತೆ ಇಳಿಬಿಟ್ಟು ವೋಲ್ಟ್ ಅಳೆಯಿರಿ. ಸುಮಾರು ಅರ್ಧ ವೋಲ್ಟ್ ಸಿಗುತ್ತದೆ.

ಪ್ರಯೋಗ ಮುಗಿದ ಮೇಲೆ ಫಲಿತಾಂಶದ ಹಾಳೆ ಹಿಡಿದುಕೊಂಡು ನಿಮ್ಮ ಊರಿನ ಗ್ಯಾರೇಜಿಗೆ ಹೋಗಿ. ಪಾಠ ಹೇಳಲು ಹೋಗಬೇಡಿ, ಕೇಳಲು ಹೋಗಿ. ಈ ವಾಹನದಲ್ಲಿ ಯಾವ ಬೋಲ್ಟು ಹೆಚ್ಚು ಜಾಮ್ ಆಗುತ್ತದೆ, ಎಲ್ಲಿ ಬಿಳಿ ಪುಡಿ ಸಿಗುತ್ತದೆ ಎಂದು ವಿಚಾರಿಸಿ. ಅವರಿಗೆ ಗೊತ್ತಿರುವ ಜಾಗಗಳು ನಮ್ಮ ಪುಸ್ತಕದಲ್ಲಿಲ್ಲ. ಆ ಜಾಗಗಳು ಯಾಕೆ ಹಾಗೆ ಎಂಬುದು ನಿಮ್ಮ ಪುಸ್ತಕದಲ್ಲಿದೆ.

ನಿಮ್ಮಲ್ಲಿ ಕೆಲವರು ಐ.ಟಿ.ಐ.ಗೆ, ಪಾಲಿಟೆಕ್ನಿಕ್ಕಿಗೆ ಹೋಗುತ್ತೀರಿ. ಇನ್ನು ಕೆಲವರು ಬೋಲ್ಟು ಮುಟ್ಟದ ಕೆಲಸಕ್ಕೆ ಹೋಗಿ, ಒಂದು ದಿನ ಸ್ವಂತ ಗಾಡಿ ಕೊಳ್ಳುತ್ತೀರಿ. ಅಂಗಡಿಯವರು ‘ಎಂ.ಎಸ್.? ಜಿ.ಐ.? ಎಸ್.ಎಸ್.?’ ಎಂದು ಕೇಳಿದಾಗ ಬೆಲೆ ನೋಡುವ ಮೊದಲು ‘ಇದು ಕೂರುವುದು ಯಾವ ಲೋಹದಲ್ಲಿ? ಅಲ್ಲಿ ನೀರು ನಿಲ್ಲುತ್ತದಾ?’ ಎಂದು ಒಮ್ಮೆ ಯೋಚಿಸಿ. ಮತ್ತೆ, ಲೋಟಗಳಲ್ಲಿ ಏನು ಕಂಡಿರಿ ಎಂಬುದನ್ನು ಈ ಪತ್ರಿಕೆಗೆ ಬರೆದು ಕಳಿಸಿ. ಕಡಲಿನ ಊರಿನವರ, ಒಣ ಊರಿನವರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಆಸೆ ನನಗಿದೆ.